ಬದುಕಿರುವವರ ಚಿತ್ರ ಬರೆದುಕೊಡಲಾಗುವುದು

ಜನವರಿ 6, ಸೋಮವಾರ

ಹೊಸ ವರ್ಷದ ಡೈರಿ ತಂದಿಟ್ಟು ಆರು ದಿನವಾಯಿತು. ಬರೆಯುವಷ್ಟು ಸಿಟ್ಟು ಬಂದಿದ್ದು ಇವತ್ತೇ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ತನ್ನ ಅಪ್ಪನ ಆಧಾರ್ ಕಾರ್ಡ್ ಹಿಡಿದುಕೊಂಡು ನಿಂತಿದ್ದ. ಅಪ್ಪ ತೀರಿಕೊಂಡು ಒಂಬತ್ತು ದಿನ. ಹನ್ನೊಂದನೆಯ ದಿನದ ಕಾರ್ಯಕ್ಕೆ ಚಿತ್ರ ಬೇಕಂತೆ. ಎಣ್ಣೆಬಣ್ಣ ಎರಡು ದಿನಕ್ಕೆ ಒಣಗುವುದಿಲ್ಲ ಮಾರಾಯ ಅಂದರೆ, "ಫ್ಯಾನ್ ಹಚ್ಚಿ ಇಡ್ರಿ" ಅಂದ. ಆಮೇಲೆ ಶುರುವಾಯಿತು. ಬಿಳಿ ಅಂಗಿ ಹಾಕಬೇಕು, ಹೆಗಲ ಮೇಲೆ ಟವೆಲ್ ಬೇಕು, ಮೀಸೆ ದಪ್ಪ ಬೇಕು, ಮೈಬಣ್ಣ ತಿಳಿಯಾಗಬೇಕು. ನಿಮ್ಮಪ್ಪ ಕೆಂಪಗಿದ್ದರೇನು ಎಂದು ಕೇಳಿದೆ.

"ಇಲ್ರಿ, ಕರ್ರಗಿದ್ರು. ಆದ್ರ ಗ್ವಾಡಿ ಮ್ಯಾಲ ಕುಂದ್ರೋವಾಗಾದ್ರೂ ಚೆಂದ ಇರ್ಲಿ ಅಂತ."

ಇಪ್ಪತ್ತೆರಡು ವರ್ಷದಿಂದ ಕೌಲ್ ಬಜಾರಿನ ಈ ಅಂಗಡಿಯಲ್ಲಿ ಇದೇ ಕೆಲಸ. ಇಲ್ಲಿಯವರೆಗೆ ಉಸಿರಾಡುವ ಒಂದು ಮುಖವನ್ನೂ ನನ್ನಿಂದ ಯಾರೂ ಬರೆಸಿಲ್ಲ. ಆಧಾರ್ ಫೋಟೋದಲ್ಲಿ ಗಟ್ಟಿಮುಟ್ಟಾದವನೂ ಜ್ವರ ಬಿದ್ದವನ ಹಾಗೆ ಕಾಣುತ್ತಾನೆ, ಅದನ್ನು ನೋಡಿಕೊಂಡು ನಾನು ಕಳೆ ತರಬೇಕು. ಸಾಕಾಗಿದೆ. ಈ ವರ್ಷ ಬದುಕಿದ್ದವರನ್ನೇ ಬರೆಯುತ್ತೇನೆ ಎಂದು ಊಟದ ಹೊತ್ತಿಗೆ ಶೀಲಾಳಿಗೆ ಹೇಳಿದೆ. ನನ್ನ ಹೆಂಡತಿ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಗೆ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ, ಮನೆಯಲ್ಲೂ ಅದೇ.

"ಸತ್ತೋರು ತಕರಾರು ತಗಿಯಂಗಿಲ್ಲ. ಬದುಕಿದ್ದೋರು ಮೂಗು ಸೊಟ್ಟ ಆಗೈತಿ ಅಂತಾರ, ನೋಡ್ಕೋ," ಅಂದಳು.

ಅವ್ವ ಮಾತ್ರ ನಕ್ಕಳು. ಇನ್ನೊಂದು ರೊಟ್ಟಿ ಹಾಕಿದಳು.

ಜನವರಿ 9, ಗುರುವಾರ

ಕರಪತ್ರ ಅಚ್ಚು ಹಾಕಿಸಿ ಪಾರ್ವತಿನಗರದ ಮನೆಗಳಿಗೆ ಪೇಪರಿನ ಒಳಗಿಟ್ಟು ಹಂಚಿಸಿದೆ. ದೊಡ್ಡ ಮನೆಗಳು, ದೊಡ್ಡ ಗೋಡೆಗಳು, ಮೇಲೆ ಖಾಲಿ. ಕರಪತ್ರದ ಮಾತು ನನ್ನದೇ: "ಬದುಕಿರುವವರ ಚಿತ್ರ ಬರೆದುಕೊಡಲಾಗುವುದು. ನಿಮ್ಮವರು ನಿಮ್ಮ ಕಣ್ಣೆದುರು ಇರುವಾಗಲೇ ಬರೆಸಿರಿ. ಸುಭಾಷ್ ಆರ್ಟ್ಸ್, ಕೌಲ್ ಬಜಾರ್, ಬಳ್ಳಾರಿ."

ಬಂದದ್ದು ಒಂದೇ ಫೋನು. ಯಾರೋ ಹಿರಿಯರು.

"ನನಗ ಮೈಯಾಗ ಆರಾಮಿಲ್ಲ ಅಂತ ನಿಮಗ ಯಾರ್ ಹೇಳಿದ್ರು?"

ಯಾರೂ ಹೇಳಿಲ್ಲ ಸರ್, ಎಲ್ಲರ ಮನೆಗೂ ಹಾಕಿದ್ದೇವೆ ಅಂದೆ. "ಹಂಗಾದ್ರ ಎಲ್ಲಾರ್ನೂ ಒಮ್ಮೆಗೇ ಕಳಸ್ತೀರೇನು?" ಎಂದು ಫೋನ್ ಇಟ್ಟರು.

ಜನವರಿ 13, ಸೋಮವಾರ

ರೀಲ್ ಹಾಕಿದೆ. ಬರೀ ಕೈ, ಕುಂಚ, ಬಣ್ಣ, ಹಿಂದೆ ಕೊಳಲು. ಹಗಲೆಲ್ಲ ಎಣಿಸಿದ್ದೇ ಎಣಿಸಿದ್ದು, ಮೂವತ್ತೊಂದು ಲೈಕು. ಒಬ್ಬ "ಇದು ಯಾವ ಆ್ಯಪ್ ಅಣ್ಣ?" ಎಂದು ಕೇಳಿದ್ದಾನೆ. ಕೈ ಎಂದು ಉತ್ತರ ಬರೆದೆ. "ಲಿಂಕ್ ಹಾಕಿ" ಅಂದ.

ಜನವರಿ 18, ಶನಿವಾರ

ನಾಲ್ಕು ದಿನ ಸಿರುಗುಪ್ಪಕ್ಕೆ ಹೋಗಿ ಬಂದೆ. ಜನರಿಗೆ ಕರಪತ್ರ ಬೇಡ, ಕಣ್ಣಿಗೆ ಕಾಣುವ ಮಾಲು ಬೇಕು. ಅದಕ್ಕೇ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂಡಿ ಇಟ್ಟಿರುವ ದುರುಗಣ್ಣನನ್ನು ಪುಕ್ಕಟೆಯಾಗಿ ಬರೆದೆ. ಆ ಮುಖ ಸುತ್ತಲ ಇಪ್ಪತ್ತು ಹಳ್ಳಿಗೆ ಗೊತ್ತು. ಬಾಣಲೆಯ ಹಬೆ, ಹಣೆಯ ಬೆವರು, ಬಾಯಲ್ಲಿ ಅರ್ಧ ನಗು. ನನ್ನ ಕೈಯಿಂದ ಇಂಥ ಕೆಲಸ ಬಂದು ಎಷ್ಟೋ ವರ್ಷವಾಗಿತ್ತು.

ಎದುರಿಗೇ ಗೆಳೆಯ ರಾಮಾಂಜಿನಿಯ ಫೋಟೋ ಫ್ರೇಮ್ ಅಂಗಡಿ. ಒಳ್ಳೆಯ ಗಾಜು, ಒಳ್ಳೆಯ ಲೈಟು. ಅಲ್ಲೇ ಮುಂದೆ ತೂಗುಹಾಕಿ, ಕೆಳಗೆ ನನ್ನ ಫೋನ್ ನಂಬರ್ ಅಂಟಿಸಿ ಬಂದೆ. ದುರುಗಣ್ಣ ಎರಡು ದಿನ ಬಂಡಿ ಮುಚ್ಚಿ ಮಗಳ ಊರಿಗೆ ಹೋಗುತ್ತಾನಂತೆ. "ಬರೋದ್ರಾಗ ನನ್ನ ಊರೆಲ್ಲ ನೋಡಿರ್ತೈತಿ ಬಿಡ್ರಿ," ಅಂದ.

ಜನವರಿ 19, ಭಾನುವಾರ

ಶುಭ ಸಮಾಚಾರ. ಕುರುಗೋಡಿನಿಂದ ಹಂಪೇಶ್ ಎನ್ನುವವರು ಫೋನ್ ಮಾಡಿದ್ದರು. ಸಿಮೆಂಟ್ ಅಂಗಡಿ ಇದೆಯಂತೆ. ಪಾರ್ವತಿನಗರದ ನೆಂಟರ ಮನೆಯಲ್ಲಿ ನನ್ನ ಕರಪತ್ರ ನೋಡಿದರಂತೆ. ಅವರಿಗೆಲ್ಲ ಪಾಠ ಹೇಳಿದ ಮೈಲಾರಪ್ಪ ಮೇಷ್ಟ್ರಿಗೆ ಮಾರ್ಚ್ 2ರಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಮಾಡುತ್ತಾರೆ. ಅವತ್ತು ಶಾಲೆಯ ಹಾಲ್‌ನಲ್ಲಿ ಅವರ ದೊಡ್ಡ ಚಿತ್ರ ಹಾಕಬೇಕು.

ಮೇಷ್ಟ್ರು ಇದ್ದಾರಲ್ಲವೇ ಎಂದು ಎರಡೆರಡು ಸಲ ಕೇಳಿದೆ.

"ಅದಾರ್ರಿ. ಎಂಬತ್ತಕ್ಕ ಬಂದಾರ, ಇನ್ನೂ ಸೈಕಲ್ ಹೊಡಿತಾರ."

ಬದುಕಿರುವ ಮನುಷ್ಯನ ಮೊದಲ ಆರ್ಡರು. ಇದೊಂದು ಕೈಗೂಡಿದರೆ ಜಿಲ್ಲೆಯ ಎಲ್ಲ ಶಾಲೆಗಳೂ ಬರುತ್ತವೆ. ಇದೊಂದು ಹೋದರೆ ಮತ್ತೆ ನಾನು, ಆಧಾರ್ ಕಾರ್ಡು, ಟವೆಲ್ಲು.

ಜನವರಿ 20, ಸೋಮವಾರ

ಮಧ್ಯಾಹ್ನದಿಂದ ಹದಿನೇಳು ಫೋನು. ಒಂದೂ ಆರ್ಡರಲ್ಲ. ಮೊದಲನೆಯವನು ಕೇಳಿದ್ದು, "ಮಣ್ಣು ಎಷ್ಟೊತ್ತಿಗ್ರಿ?"

ಯಾರ ಮಣ್ಣು ಅಂದೆ. "ದುರುಗಣ್ಣಂದು." ಆದೋನಿಯಿಂದ ಒಬ್ಬ ತೆಲುಗಿನಲ್ಲಿ ಅಳುತ್ತಲೇ ಮಾತಾಡಿದ. ಮೆಣಸಿನಕಾಯಿ ತಂದು ಹಾಕುವವನಂತೆ, ಯಾವಾಗ ಹೋದ, ಏನಾಗಿತ್ತು ಎಂದು ಕೇಳಿದ. ಏನೂ ಆಗಿಲ್ಲ, ಮಗಳ ಊರಿಗೆ ಹೋಗಿದ್ದಾನೆ ಅಂದೆ. "ಅಲ್ಲೇ ಹೋದನೇ?" ಎಂದು ಇನ್ನಷ್ಟು ಅತ್ತ.

ರಾಮಾಂಜಿನಿಗೆ ಫೋನ್ ಮಾಡಿ ನನ್ನ ಚಿತ್ರಕ್ಕೆ ಏನು ಮಾಡಿದ್ದೀಯ ಎಂದು ಕೇಳಿದೆ. "ಏನಿಲ್ಲಪ್ಪ, ಗಂಧದ ಹಾರ ಹಾಕೀನಿ. ಫ್ರೇಮ್ ಅಂದ ಮ್ಯಾಲ ಹಾರ ಹಾಕೋದು ನಮ್ ಅಂಗಡಿ ಪದ್ಧತಿ. ಬರೇ ಇಟ್ರ ಬೋಳ್ ಬೋಳ್ ಕಾಣ್ತೈತಿ," ಅಂದ. ಮುಚ್ಚಿದ ಬಂಡಿ, ಎದುರಿಗೆ ಹಾರ ಹಾಕಿದ ಚಿತ್ರ. ಸಿರುಗುಪ್ಪದವರು ಇನ್ನೇನು ತಿಳಿಯಬೇಕು? ಫ್ರೇಮ್ ಅಂಗಡಿಯ ಗೋಡೆ ಏರಿದವರಲ್ಲಿ ಬದುಕಿದ್ದವರು ಯಾರಿದ್ದಾರೆ, ಎಲ್ಲರೂ ಸತ್ತು ಹೋದವರೇ. ಅಲ್ಲಿ ತೂಗುಹಾಕಿದವನು ನಾನೇ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ಜನವರಿ 21, ಮಂಗಳವಾರ

ಸಿರುಗುಪ್ಪಕ್ಕೆ ಓಡಿದೆ. ದುರುಗಣ್ಣ ಬಂದಿದ್ದ, ಅಂಗಡಿ ಮುಂದೆ ತನ್ನ ಚಿತ್ರ ನೋಡುತ್ತಾ ನಿಂತಿದ್ದ, ಅವನನ್ನು ನೋಡುತ್ತಾ ಐವತ್ತು ಜನ ನಿಂತಿದ್ದರು. ಹೋದ ವರ್ಷ ಮಿರ್ಚಿ ಹಳಸಿವೆ ಎಂದು ಅವನಿಗೆ ಬೈದಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, ತಪ್ಪಾತಪ್ಪ ಅನ್ನುತ್ತಿದ್ದಳು.

ಅವನು ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹೆದರಿಬಿಟ್ಟಿದ್ದ.

"ಹಾರ ಬಿದ್ದೈತ್ರಿ ಕೊಳ್ಳಿಗೆ. ನಮ್ಮಾಕಿ ಮುಂಜಾನಿಂದ ನೀರು ಮುಟ್ಟಿಲ್ಲ. ಅದನ್ನ ಅಳಿಸಿಬಿಡ್ರಿ, ನಿಮ್ ಕಾಲಿಗೆ ಬೀಳ್ತೀನಿ."

ಹಾರ ತೆಗೆದರೆ ಮುಗಿಯಿತಲ್ಲ ಅಂದೆ. ಕೇಳಲಿಲ್ಲ. ಅವರೆಲ್ಲರ ಎದುರು ನಾನೇ ಬಿಳಿ ಬಣ್ಣ ಹಚ್ಚಿದೆ. ಮೊದಲು ಹಬೆ ಹೋಯಿತು, ಆಮೇಲೆ ನಗು. ನಾಲ್ಕು ದಿನದ ಕೆಲಸ ಹೋಗಲು ನಾಲ್ಕು ನಿಮಿಷ ಸಾಕಾಯಿತು. ಯಾರೋ ಹಿಂದಿನಿಂದ "ಪಾಪ, ಚೆಂದ ಬರ್ದಿದ್ದ" ಅಂದರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತು ಬಂದೆ.

ಜನವರಿ 25, ಶನಿವಾರ

ದುರುಗಣ್ಣನಿಗೆ ಜ್ವರ ಬಂದಿದೆಯಂತೆ. ಬಂಡಿ ಹತ್ತಿರ ಬಿಸಿಲಲ್ಲಿ ನಿಲ್ಲುವವನಿಗೆ ಜ್ವರ ಬರದೆ ಇನ್ನೇನು. ಆದರೆ ಸುದ್ದಿ ಕುರುಗೋಡು ಮುಟ್ಟಿದೆ: ಕೌಲ್ ಬಜಾರಿನವನು ಬರೆದರೆ ಆಯುಷ್ಯ ತೀರುತ್ತದೆ. ಮೇಷ್ಟ್ರ ಮನೆಯವರು ಒಪ್ಪುತ್ತಿಲ್ಲ ಎಂದು ಹಂಪೇಶ್ ಫೋನ್ ಮಾಡಿದರು. ನಾನೇ ಹೋಗಿ ಮಾತಾಡುತ್ತೇನೆ ಎಂದು ಇವತ್ತು ಕುರುಗೋಡಿಗೆ ಹೋದೆ.

ಮೇಷ್ಟ್ರು ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದರು. "ನಂದೇನೂ ಇಲ್ಲಪ್ಪ, ಒಳಗ ಕೇಳು," ಅಂದರು. ಒಳಗೆ ನಾಗಲಕ್ಷ್ಮಮ್ಮ, ಅವರ ಹೆಂಡತಿ. ಇದೆಲ್ಲ ಮೂಢನಂಬಿಕೆ ಅಮ್ಮ, ಬಣ್ಣಕ್ಕೂ ಆಯುಷ್ಯಕ್ಕೂ ಏನು ಸಂಬಂಧ ಎಂದು ನಗುತ್ತಲೇ ಹೇಳಿದೆ. ನಮ್ಮಪ್ಪ ಬೆಕ್ಕು ಅಡ್ಡ ಬಂದರೆ ಬೇಕೆಂದೇ ಅದೇ ದಾರಿಯಲ್ಲಿ ಹೋಗುತ್ತಿದ್ದ, ನಮ್ಮ ಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಚಿತ್ರ ಬಿಟ್ಟರೆ ಶಕುನ ಗಿಕುನ ಒಳಗೆ ಬಂದಿಲ್ಲ ಎಂದೂ ಹೇಳಿದೆ. ಆಕೆ ನನ್ನ ಭಾಷಣ ಪೂರ್ತಿ ಕೇಳಿದರು.

"ನಿಮ್ಮ ತಾಯಿ ಅದಾರೇನ್ರಿ?"

"ಅದಾರಮ್ಮ."

"ಅವರ್ದು ಚಿತ್ರ ಬರದೀರೇನು?"

ಇಲ್ಲ ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇಲ್ಲವೇ ಎಂದರು. ಟೈಮ್ ಸಿಕ್ಕಿಲ್ಲ ಅಂದೆ.

"ಸಿಗ್ಲಿ. ಮೊದ್ಲು ಅವರ್ದು ಬರದು ತರ್ರಿ, ಆಮ್ಯಾಲ ನಮ್ಮವರ್ನ ಕುಂದ್ರಸ್ತೀನಿ."

ಇದೆಂಥ ಷರತ್ತು? ಚಹಾ ಕೂಡ ಕುಡಿಯದೆ ಎದ್ದು ಬಂದೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕುಡಿದೆ, ಚೆನ್ನಾಗಿರಲಿಲ್ಲ.

ಜನವರಿ 27, ಸೋಮವಾರ

ಎರಡು ದಿನ ಸುಮ್ಮನಿದ್ದು ಇವತ್ತು ಅವ್ವನಿಗೆ ಹೇಳಿದೆ. ಬೇಡ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ಮುಂಜಾನಿ ಕುಂದರ್ಲೋ, ಉಂಡ ಮ್ಯಾಲೋ?" ಅಂದಳು.

ಶೀಲಾ ಆಗಲೇ ಟ್ರಂಕು ತೆರೆದು ನೀಲಿ ಸೀರೆ ಹುಡುಕುತ್ತಿದ್ದಳು. ಈ ಮನೆಯಲ್ಲಿ ನನ್ನ ಮಾತು ಯಾವತ್ತು ನಡೆದಿದೆ.

ಜನವರಿ 30, ಗುರುವಾರ

ಅವ್ವ ಒಂದು ಗಳಿಗೆ ಅಲುಗಾಡದೆ ಕೂರುವುದಿಲ್ಲ. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಮಾತಾಡಿಸಬೇಕು. ಹಣ್ಣಿನ ಗಾಡಿಯ ಸಾಹೇಬರಿಗೆ, "ನನ್ ಮಗ ನನ್ನ ಗ್ವಾಡಿಗೇರಸಾಕ ಹತ್ಯಾನ್ರಿ," ಅಂದಳು. ಅವರು ಗಾಡಿ ಬಿಟ್ಟು ನೋಡಲು ಬಂದರು. ಹಾಗೆ ಅನ್ನಬೇಡ ಎಂದು ಸಿಡುಕಿದೆ.

ಗದ್ದದ ಕೆಳಗೆ ಎಡಕ್ಕೆ ಒಂದು ಕಲೆ ಇದೆ. ನಲವತ್ತೊಂದು ವರ್ಷದಿಂದ ಈ ಮುಖ ನೋಡುತ್ತಿದ್ದೇನೆ, ಕಲೆ ಕಂಡದ್ದು ಇವತ್ತು. ಏನದು ಅಂದೆ.

"ಗಣಿ ಕೆಲಸಕ್ಕ ಹೋದಾಗ ಕಲ್ಲು ಸಿಡಿದಿತ್ತು. ನೀ ಹೊಟ್ಟ್ಯಾಗಿದ್ದಿ. ಮುಖ ಹೋದ್ರ ಹೋತು ಅಂತ ಹೊಟ್ಟಿ ಮುಚ್ಕೊಂಡೆ."

ಕಲೆಯನ್ನು ಸರಿಯಾಗಿ ತರಲು ಒಂದೂವರೆ ಗಂಟೆ ಬೇಕಾಯಿತು. ಅಷ್ಟು ಸಣ್ಣ ಕಲೆಗೆ ಅಷ್ಟು ಹೊತ್ತು ಯಾಕೆ ಎಂದು ಅವ್ವನೇ ಕೇಳಿದಳು.

ಫೆಬ್ರವರಿ 2, ಭಾನುವಾರ

ಕೂದಲು, ಹಣೆ, ಕಿವಿ, ಸೀರೆಯ ಅಂಚು, ಎಲ್ಲ ಆಯಿತು. ಕಣ್ಣು ಉಳಿದಿದೆ. ನಾನು ಯಾವಾಗಲೂ ಕಣ್ಣು ಕೊನೆಗೇ ಬರೆಯುವುದು. ನಾಳೆ ಮುಗಿಸಬೇಕು.

ಫೆಬ್ರವರಿ 3, ಸೋಮವಾರ

ಬೆಳಕು ಸರಿ ಇಲ್ಲ.

ಫೆಬ್ರವರಿ 4, ಮಂಗಳವಾರ

ಸಣ್ಣ ಕುಂಚದ ಕೂದಲು ಕೆದರಿದೆ. ಹೊಸದು ತರಬೇಕು.

ಫೆಬ್ರವರಿ 6, ಗುರುವಾರ

ಹೊಸ ಕುಂಚ ತಂದೆ. ಹಿಂದಿನ ಗೋಡೆಯ ಬಣ್ಣ ಗಾಢವಾಯಿತು ಅನ್ನಿಸಿ ಅದನ್ನೇ ಮತ್ತೆ ಬರೆದೆ. ಅವ್ವ ಮಾತಿಗೆ ಮಾತು ಸೇರಿಸಿ ತನ್ನ ತವರಿನ ಕಥೆ ಹೇಳಿದಳು. ಹಲಕುಂದಿಯಲ್ಲಿ ಅವಳ ಅವ್ವ ಒಂದು ಆಡು ಸಾಕಿದ್ದಳಂತೆ, ಅದು ಅವಳ ಹಿಂದೆ ಹೊಲಕ್ಕೂ ಹೋಗುತ್ತಿತ್ತಂತೆ. ಆ ಅಜ್ಜಿಯ ಒಂದು ಫೋಟೋ ಕೂಡ ಇಲ್ಲ. ಹನ್ನೊಂದೂವರೆಗೆ ಕುಳಿತವರು ಎದ್ದಾಗ ಎರಡು ಗಂಟೆ. ಕೆಲಸ ಏನೂ ಆಗಲಿಲ್ಲ.

ಫೆಬ್ರವರಿ 8, ಶನಿವಾರ

ಅವ್ವನಿಗೆ ಕೆಮ್ಮು. ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದೆ. ಧೂಳಿಗೆ ಅಷ್ಟೇ ಅಂದರು. ಎದೆಯ ಎಕ್ಸ್‌ರೇ ತೆಗೆಯಿರಿ ಅಂದೆ, ಬೇಕಾಗಿಲ್ಲ ಅಂದರು, ತೆಗೆಯಿರಿ ಅಂದೆ. ಏನೂ ಇಲ್ಲ.

"ಇಡೀ ಕೌಲ್ ಬಜಾರ್ ಕೆಮ್ಮತೈತಿ. ಎಲ್ಲಾರಿಗೂ ಎಕ್ಸ್‌ರೇ ಮಾಡಸ್ತೀಯೇನು?" ಎಂದು ಶೀಲಾ ಕೇಳಿದಳು.

ಕೆಮ್ಮಿಗೂ ಚಿತ್ರಕ್ಕೂ ಸಂಬಂಧವಿಲ್ಲ. ನಡೆದದ್ದು ಬರೆದಿಟ್ಟಿದ್ದೇನೆ, ಅಷ್ಟೇ. ಚಿತ್ರ ನಿಲ್ಲಿಸಿದ ಈಸೆಲ್ಲಿನ ಮೇಲೆ ಬಟ್ಟೆ ಹಾಕಿದ್ದೇನೆ. ಧೂಳು.

ಫೆಬ್ರವರಿ 11, ಮಂಗಳವಾರ

ಹಂಪೇಶ್ ಫೋನು. ಹದಿನೈದನೆಯ ತಾರೀಖಿನೊಳಗೆ ಅವ್ವನ ಚಿತ್ರ ತೋರಿಸದಿದ್ದರೆ ಮೇಷ್ಟ್ರ ಫೋಟೋವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತಾರಂತೆ. ಬೇರೆ ಕೆಲಸ ಬಹಳ ಇದೆ ಅಂದೆ. ಬೇರೆ ಕೆಲಸ ಒಂದೂ ಇಲ್ಲ.

ಅವ್ವ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು.

"ಮುಗಸಲೇ ಸುಭಾಷ."

ಬೆಳಕು ಬರಲಿ ಅಂದೆ. ಹೊರಗೆ ಬಳ್ಳಾರಿಯ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಬಣ್ಣ ತರಲು ಹೋಗಿ ಬರುವಷ್ಟರಲ್ಲಿ ಈಸೆಲ್ ಖಾಲಿ. ಅವ್ವನೂ ಇಲ್ಲ, ಚಪ್ಪಲಿಯೂ ಇಲ್ಲ. ಶೀಲಾಳಿಗೆ ಫೋನ್ ಮಾಡಿದರೆ ಯೂನಿಟ್ಟಿನ ಸದ್ದಿನಲ್ಲಿ ಕೇಳಿಸಲಿಲ್ಲ. ಓಣಿಯೆಲ್ಲ ಅಲೆದೆ. ಹಣ್ಣಿನ ಸಾಹೇಬರು, "ಚಾದರದಾಗ ಏನೋ ಸುತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ್ರಪ್ಪ, ಆಟೋದವ ನಮ್ಮವನೇ," ಅಂದರು. ಆ ಒಂದು ಗಂಟೆ ನನಗೆ ಹೇಗಾಯಿತು ಎಂದು ಬರೆಯಲಾರೆ. ಎಪ್ಪತ್ತೆರಡು ವರ್ಷದವಳು, ಕೆಮ್ಮು ಬೇರೆ. ಅಂಗಡಿಗೆ ಬೀಗ ಹಾಕುವುದನ್ನೂ ಮರೆತಿದ್ದೆ.

ಆಮೇಲೆ ಹಂಪೇಶ್ ಫೋನ್ ಬಂತು.

"ನಿಮ್ಮ ತಾಯಾರು ಇಲ್ಲಿ ಮೇಷ್ಟ್ರ ಮನ್ಯಾಗ ಅದಾರ. ಊಟಕ್ಕ ಕುಂತಾರ."

ಕುರುಗೋಡು ಮುಟ್ಟಿದಾಗ ಊಟ ಮುಗಿದು ಎಲೆ ಅಡಿಕೆ ನಡೆದಿತ್ತು. ಚಿತ್ರವನ್ನು ಮಂಚಕ್ಕೆ ಒರಗಿಸಿದ್ದರು. ಅದರ ಪಕ್ಕದಲ್ಲೇ ಅವ್ವ ಕೂತಿದ್ದಳು. ಚಾದರಕ್ಕೆ ಬಣ್ಣ ತಾಕಿ ಬಲಗಿವಿ ಅರ್ಧ ಅಳಿಸಿಹೋಗಿತ್ತು.

"ಹೇಳ್ದೇ ಕೇಳ್ದೇ ಹಿಂಗ ಬರ್ತಾರೇನವ್ವ?" ಅಂದೆ.

"ಟಿಕೆಟ್ ಇಲ್ಲ, ಏನಿಲ್ಲ. ಆಧಾರ್ ತೋರ್ಸಿದೆ, ಕುಂದ್ರಿಸ್ಕೊಂಡ್ ಬಂದ್ರು. ಬರ್ದ್ ಮ್ಯಾಲೂ ಅದೀನಿ ಅಂತ ಈ ಅಮ್ಮಗ ತೋರ್ಸಬೇಕಿತ್ತು, ತೋರ್ಸಿದೆ."

ನಾಗಲಕ್ಷ್ಮಮ್ಮ ಚಿತ್ರವನ್ನೇ ನೋಡುತ್ತಿದ್ದರು. "ಎಲ್ಲಾ ಐತಿ. ಕಣ್ಣು ಯಾಕ ಬರದಿಲ್ರಿ?"

ಬೆಳಕು ಅನ್ನಲು ಬಾಯಿ ತೆರೆದೆ.

"ಅವ್ನಿಗಿ ಅಂಜಿಕಿ ಅಮ್ಮ," ಅವ್ವ ಅಂದಳು. "ಹತ್ತು ದಿನದಿಂದ ಕುಂಚ ತೊಳಿತಾನ, ಒರಸ್ತಾನ, ಮತ್ತ ತೊಳಿತಾನ. ಮೊನ್ನಿ ನಾ ಕೆಮ್ಮಿದ್ದಕ್ಕ ದವಾಖಾನಿಗೆ ಹೊತ್ಕೊಂಡ್ ಹೋದ."

ಅಂಜಿಕೆ ಗಿಂಜಿಕೆ ಏನೂ ಇಲ್ಲ ಎಂದು ಜೋರಾಗಿ ಹೇಳಹೊರಟೆ. ನನಗೇ ಕೆಮ್ಮು ಹತ್ತಿತು. ಮೇಷ್ಟ್ರು ಎದ್ದು ನೀರು ತಂದುಕೊಟ್ಟರು. ಅಷ್ಟು ಜನರ ಎದುರು ಮರ್ಯಾದೆ ಹೋಯಿತು.

ನಾಗಲಕ್ಷ್ಮಮ್ಮ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಅವತ್ತು ನೀವು ನಕ್ಕಾಗ, ಈ ಮನಷಾಗ ತನ್ನೋರು ಅನ್ನೋರು ಯಾರೂ ಇಲ್ಲೇನೋ ಅನಿಸಿತ್ರಿ. ಅದಕ್ಕ ತಾಯಿ ಅದಾರೇನು ಅಂತ ಕೇಳಿದ್ದು." ಗಂಡನ ಕಡೆ ಒಮ್ಮೆ ನೋಡಿದರು. "ಸೋಮವಾರ ಬರ್ರಿ. ಇವರ್ನ ಕುಂದ್ರಸ್ತೀನಿ. ಕಣ್ಣು ಬರಿಯೋ ದಿನ ನಾನೂ ಬಾಜೂಕ ಕುಂದರ್ತೀನಿ."

ಇಷ್ಟು ಸುಲಭದ ಮಾತಿಗೆ ಇಷ್ಟು ದಿನ ಸತಾಯಿಸಿದರಲ್ಲ. ಬರುವಾಗ ಬಸ್ಸಿನಲ್ಲೂ ಅವ್ವನ ಮೇಲೆ ಸಿಟ್ಟು ಇಳಿದಿರಲಿಲ್ಲ. ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು, ಕೋಳೂರು ದಾಟುವವರೆಗೂ ನಾನು ಹೆಗಲು ಅಲುಗಿಸಲಿಲ್ಲ.

ಫೆಬ್ರವರಿ 16, ಭಾನುವಾರ

ನಾಳೆ ಕುರುಗೋಡು. ಕ್ಯಾನ್ವಾಸ್ ಬಿಗಿದು ಇಟ್ಟಿದ್ದೇನೆ. ಅದಕ್ಕೆ ಮೊದಲು ಅವ್ವನ ಚಿತ್ರ ಮುಗಿಯಬೇಕಿತ್ತು, ಅರ್ಧ ಕೆಲಸ ಬಿಟ್ಟು ಹೋಗುವುದು ನನಗೆ ಆಗದು.

ಕಿವಿ ಸರಿಪಡಿಸಿ, ಹತ್ತೂವರೆಗೆ ಕಣ್ಣು ಬರೆದೆ. ಅವ್ವ ಇವತ್ತು ಯಾರನ್ನೂ ಮಾತಾಡಿಸಲಿಲ್ಲ, ನನ್ನನ್ನೇ ನೋಡುತ್ತಾ ಕೂತಳು. ಎಡಗಣ್ಣು ಬೇಗ ಆಯಿತು. ಬಲಗಣ್ಣಿನ ಬೆಳಕಿನ ಚುಕ್ಕಿ ಇಡುವಾಗ ಶೀಲಾ ಬಂದು ನನ್ನ ಬೆನ್ನ ಹಿಂದೆ ನಿಂತಳು. ಯಾಕೆ ನಿಂತೆ ಅಂತ ಕೇಳಲಿಲ್ಲ, ನಿಂತದ್ದು ಒಳ್ಳೆಯದಾಯಿತು. ಮುಗಿದ ಮೇಲೆ ಅವ್ವ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

"ನಮ್ಮವ್ವನಂಗ ಕಾಣ್ತೀನಿ," ಎಂದಳು. ಆಮೇಲೆ ಅಕ್ಕಿ ಆರಿಸಬೇಕು ಎಂದು ಅಡುಗೆಮನೆಗೆ ಹೋದಳು.

ಫೆಬ್ರವರಿಯಲ್ಲೇ ಬಿಸಿಲು ಇಷ್ಟು ಕೆಟ್ಟದಾಗಿದೆ, ಸುಮ್ಮನೆ ಕೂತರೂ ಬಾಯಿ ಒಣಗುತ್ತದೆ. ಕುಂಚ ತೊಳೆಯುವ ನಡುವೆ ನಾಲ್ಕು ಸಲ ಅಡುಗೆಮನೆಗೆ ನೀರು ಕುಡಿಯಲು ಹೋದೆ. ನಾಲ್ಕನೆಯ ಸಲ ಅವ್ವ ಮೊರದಿಂದ ತಲೆ ಎತ್ತದೆ, "ಅದೀನಲೇ, ಹೋಗಿ ನಿನ್ ಕೆಲಸ ನೋಡು," ಅಂದಳು.